ಕಿಮೋಗೆ ಮುಂಚಿನ ಮೂರು ವಾರ: ಫಲವತ್ತತೆ ಸಂರಕ್ಷಣೆಯ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸಿದ ಒಂದು ಪ್ರಕರಣ ಅಧ್ಯಯನ

ಪ್ರಕರಣ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ 29 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಕಿಮೋಥೆರಪಿಗೆ ಮುಂಚಿನ ರಕ್ತಪರೀಕ್ಷೆಗೆಂದು ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಮೊದಲ ಕಿಮೋಗೆ ಮೂರು ವಾರ ಬಾಕಿಯಿತ್ತು. ಗೆಡ್ಡೆ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯದಾಗಿದ್ದರಿಂದ, ಸೈಕ್ಲೊಫಾಸ್ಫಮೈಡ್ ಒಳಗೊಂಡ ಕಿಮೋ ಮುಗಿದ ಮೇಲೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿನ ಪ್ರಭಾವವನ್ನು ತಡೆಯುವ ಟಮಾಕ್ಸಿಫೆನ್ ಮಾತ್ರೆ ಕನಿಷ್ಠ 5 ವರ್ಷ ಎಂಬುದು ಚಿಕಿತ್ಸೆಯ ಯೋಜನೆ. ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಶಸ್ತ್ರಚಿಕಿತ್ಸೆಯಾಗದ ಬದಿಯ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದಾಗ, ಜೊತೆಗೆ ಬಂದಿದ್ದ ತಾಯಿ ಬಿಲ್ ಕಟ್ಟಲು ಹೊರಗೆ ಹೋಗಿದ್ದ ಆ ಕೆಲವೇ ನಿಮಿಷಗಳಲ್ಲಿ, ರೋಗಿ ಕೇಳಿದರು: “ಸಿಸ್ಟರ್, ಈ ಔಷಧಿ ಎಲ್ಲ ಮುಗಿದ ಮೇಲೆ ನನಗೆ ಮಕ್ಕಳಾಗುತ್ತವಾ?”

ವಿದ್ಯಾರ್ಥಿನಿ ಉತ್ತರಿಸಿದಳು: “ಮೊದಲು ನೀವು ಹುಷಾರಾಗಿ, ಅದನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು.”

ಈ ಉತ್ತರದಲ್ಲಿ ಕನಿಕರವಿದೆ, ಸಭ್ಯತೆಯೂ ಇದೆ. ಬಹುಪಾಲು ಹಿರಿಯ ದಾದಿಯರೂ ಹೀಗೆಯೇ ಉತ್ತರಿಸಿಯಾರು. ಆದರೆ ಅದು ಸೂಚಿಸುವ ಕ್ರಮ ವೈದ್ಯಕೀಯವಾಗಿ ತಲೆಕೆಳಗಾಗಿದೆ. ಅಂಡಾಣುಗಳನ್ನು ಹೊರತೆಗೆದು ಶೈತ್ಯೀಕರಿಸಿ ಇಡುವ ಅವಕಾಶ ಬಹುಮಟ್ಟಿಗೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಇರುತ್ತದೆ. ಮೊದಲ ಕಿಮೋ ರಕ್ತನಾಳಕ್ಕೆ ಇಳಿದ ಮೇಲೆ ಅದೇ ಪ್ರಶ್ನೆಗೆ ಉಳಿಯುವ ಉತ್ತರಗಳು ಕಡಿಮೆ.

ಅಂದು ಸಂಜೆಯ ಚರ್ಚೆಯಲ್ಲಿ ವಿದ್ಯಾರ್ಥಿನಿ ಈ ಮಾತನ್ನು ತಾನಾಗಿಯೇ ಎತ್ತಿದಳು. ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅವಳು ಕೇಳಲಿಲ್ಲ. “ಅವರು ಆಮೇಲೆ ಏನೂ ಮಾತಾಡಲಿಲ್ಲ ಮೇಡಂ” ಎಂದಷ್ಟೇ ಹೇಳಿದಳು. ಕೇಸ್ ಶೀಟ್ ತೆರೆದು ನೋಡಿದಾಗ ಅಲರ್ಜಿ, ರಕ್ತದೊತ್ತಡ, ಕೊನೆಯ ಮುಟ್ಟಿನ ದಿನಾಂಕ, ಗರ್ಭ ಪರೀಕ್ಷೆಯ ಫಲಿತಾಂಶ ಎಲ್ಲವೂ ಇದ್ದವು. ಮುಂದೆ ಮಕ್ಕಳು ಬೇಕೆಂಬ ಆಸೆಯಿದೆಯೇ ಎಂದು ಯಾರಾದರೂ ಕೇಳಿದ್ದ ದಾಖಲೆ ಮಾತ್ರ ಎಲ್ಲಿಯೂ ಇರಲಿಲ್ಲ. ಚಿಕಿತ್ಸಾ ತಂಡಕ್ಕೆ ಅಂದೇ ವಿಷಯ ತಿಳಿಸಲಾಯಿತು, ಸಂತಾನ ಚಿಕಿತ್ಸಾ ತಜ್ಞರ ಭೇಟಿ ಮೂರನೆಯ ದಿನಕ್ಕೆ ನಿಗದಿಯಾಯಿತು. ರೋಗಿಯ ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಲಾಗಿದೆ. ಈ ಬರಹದ ವಸ್ತು ಆ ವಿದ್ಯಾರ್ಥಿಗಳ ತಂಡಕ್ಕೆ ಮುಂದೆ ಏನನ್ನು, ಹೇಗೆ ಕಲಿಸಲಾಯಿತು ಎಂಬುದು.

ವಿದ್ಯಾರ್ಥಿಗಳಿಗೆ ಏನು ಗೊತ್ತಿತ್ತು

ಪಾಠ ಶುರುಮಾಡುವ ಮುಂಚೆ, ಹೆಸರು ಬರೆಯದೆ, ತಮಗೆ ತಿಳಿದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡುವಂತೆ ಎಲ್ಲರಿಗೂ ಹೇಳಲಾಯಿತು. ಬಂದ ಉತ್ತರಗಳಲ್ಲಿ ಕೆಲವು ನಂಬಿಕೆಗಳು ಮತ್ತೆ ಮತ್ತೆ ಕಾಣಿಸಿದವು. ಅಂಡಾಣು ತೆಗೆದರೆ ಅಂಡಾಶಯದ ಸಂಗ್ರಹ ಬೇಗ ಖಾಲಿಯಾಗಿ ಮುಟ್ಟು ಬೇಗ ನಿಲ್ಲುತ್ತದೆ; ಅದಕ್ಕೆ ಹೊಟ್ಟೆ ಕೊಯ್ಯಬೇಕು; ಮದುವೆಯಾದವರಿಗೆ ಮಾತ್ರ ಇದು ಸಾಧ್ಯ; ಇಟ್ಟ ಅಂಡಾಣುಗಳಷ್ಟೇ ಮಕ್ಕಳಾಗುತ್ತವೆ; ಹಾರ್ಮೋನ್ ಚುಚ್ಚುಮದ್ದು ಕೊಟ್ಟರೆ ಕ್ಯಾನ್ಸರ್ ಮರುಕಳಿಸುವುದು ಖಚಿತ. ಇದರಲ್ಲಿ ವಿದ್ಯಾರ್ಥಿಗಳನ್ನು ದೂರುವಂಥದ್ದೇನೂ ಇಲ್ಲ. ಪಠ್ಯದಲ್ಲಿ ಬಂಜೆತನ ಮತ್ತು ಪ್ರನಾಳ ಶಿಶು ತಂತ್ರ ಪ್ರಸೂತಿ ವಿಭಾಗದಲ್ಲಿ ಬರುತ್ತವೆ; ಕಿಮೋಥೆರಪಿಯ ಅಡ್ಡಪರಿಣಾಮಗಳು ಕ್ಯಾನ್ಸರ್ ವಿಭಾಗದಲ್ಲಿ ಬರುತ್ತವೆ, ಅಲ್ಲಿ ವಾಂತಿ, ಕೂದಲುದುರುವಿಕೆ, ಬಿಳಿ ರಕ್ತಕಣಗಳ ಕುಸಿತದ ನಡುವೆ ಸಂತಾನಹೀನತೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ರೋಗಿಯ ಮೈಯಲ್ಲಿ ಒಂದಾಗಿರುವ ಈ ಎರಡು ಸಂಗತಿಗಳು ಪುಸ್ತಕದಲ್ಲಿ ಎದುರಾಗುವುದೇ ಇಲ್ಲ.

ಹಾಗಾಗಿ ಮೊದಲ ಪಾಠವನ್ನು ಅಂಡಾಶಯದಿಂದಲೇ ಆರಂಭಿಸಬೇಕಾಯಿತು. ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಪ್ರಾಯಕ್ಕೆ ಬರುವ ವೇಳೆಗೆ ಉಳಿಯುವುದು 3ರಿಂದ 4 ಲಕ್ಷ. ಇಡೀ ಜೀವಮಾನದಲ್ಲಿ ಅಂಡೋತ್ಪತ್ತಿಯ ಹಂತ ತಲುಪುವುದು 400ರಿಂದ 500 ಮಾತ್ರ. ಪ್ರತಿ ತಿಂಗಳೂ ಒಂದು ಗುಂಪು ಫಾಲಿಕಲ್‌ಗಳು (ಅಂಡಾಣುವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು) ಬೆಳೆಯತೊಡಗುತ್ತವೆ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮುಂದುವರಿಯುತ್ತದೆ, ಉಳಿದವು ನಶಿಸುತ್ತವೆ. ಅಂಡಾಣು ತೆಗೆಯುವ ಮುಂಚೆ ಕೊಡುವ ಹಾರ್ಮೋನ್ ಚುಚ್ಚುಮದ್ದು ಮಾಡುವ ಕೆಲಸವೆಂದರೆ ಹೇಗಿದ್ದರೂ ಆ ತಿಂಗಳು ನಶಿಸಲಿದ್ದ ಫಾಲಿಕಲ್‌ಗಳನ್ನು ಉಳಿಸಿ ಬೆಳೆಸುವುದು. ಮುಂದಿನ ತಿಂಗಳುಗಳ ಪಾಲಿಗೆ ಅದು ಕೈಹಾಕುವುದಿಲ್ಲ. ಇಷ್ಟು ತಿಳಿದ ಮೇಲೆ ‘ಸಂಗ್ರಹ ಖಾಲಿಯಾಗುತ್ತದೆ’ ಎಂಬ ಭಯ ತಾನಾಗಿಯೇ ಕಳಚಿತು.

ಸೈಕ್ಲೊಫಾಸ್ಫಮೈಡ್‌ನಂಥ ಆಲ್ಕೈಲೇಟಿಂಗ್ ಔಷಧಿಗಳು ಇದಕ್ಕೆ ವಿರುದ್ಧ. ಅವು ಇನ್ನೂ ಬೆಳವಣಿಗೆ ಆರಂಭಿಸದೆ ನಿದ್ರಿಸುತ್ತಿರುವ ಫಾಲಿಕಲ್‌ಗಳನ್ನೂ ಹಾಳುಮಾಡುತ್ತವೆ. ಹಾನಿಯ ಪ್ರಮಾಣ ಒಟ್ಟು ಡೋಸ್ ಮತ್ತು ರೋಗಿಯ ವಯಸ್ಸನ್ನು ಅವಲಂಬಿಸುತ್ತದೆ. ವಿಕಿರಣದ ವಿಷಯದಲ್ಲಿ ಅಂಡಾಣು ಇನ್ನೂ ಸೂಕ್ಷ್ಮ: 2 ಗ್ರೇ (ವಿಕಿರಣದ ಅಳತೆ) ಗಿಂತ ಕಡಿಮೆ ಪ್ರಮಾಣವೇ ಸಂಗ್ರಹದ ಅರ್ಧವನ್ನು ನಾಶಮಾಡಬಲ್ಲದು. ಇದಲ್ಲದೆ ಈ ರೋಗಿಯ ವಿಷಯದಲ್ಲಿ ವಿದ್ಯಾರ್ಥಿಗಳು ಗಮನಿಸದೆ ಹೋಗಿದ್ದ ಇನ್ನೊಂದು ಲೆಕ್ಕವಿತ್ತು. ಕಿಮೋದಿಂದ ಅಂಡಾಶಯಕ್ಕೆ ಏನೂ ಆಗಲಿಲ್ಲ ಎಂದೇ ಇಟ್ಟುಕೊಂಡರೂ, ಟಮಾಕ್ಸಿಫೆನ್ ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದು. 5 ವರ್ಷ ಮುಗಿಯುವ ಹೊತ್ತಿಗೆ ಅವರಿಗೆ ಸುಮಾರು 35 ಆಗಿರುತ್ತದೆ. ಔಷಧಿ ಮಾಡದ ಹಾನಿಯನ್ನು ಕಾಯುವಿಕೆ ಮಾಡುತ್ತದೆ. 2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಎಂಬ ಅಧ್ಯಯನದಲ್ಲಿ, 18ರಿಂದ 30 ತಿಂಗಳು ಹಾರ್ಮೋನ್ ಚಿಕಿತ್ಸೆ ಪಡೆದು, ಗರ್ಭಧಾರಣೆಗಾಗಿ ಗರಿಷ್ಠ 2 ವರ್ಷ ಅದನ್ನು ನಿಲ್ಲಿಸಿದ ಮಹಿಳೆಯರಲ್ಲಿ, ಅಲ್ಪಾವಧಿಯಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ಈ ಮಾಹಿತಿ ರೋಗಿಗೆ ಸಮಾಧಾನ ಕೊಡಬಲ್ಲದು, ಆದರೆ ಆ ನಿರ್ಧಾರ ಕ್ಯಾನ್ಸರ್ ತಜ್ಞರೊಡನೆ ಆಗಬೇಕಾದದ್ದು; ವಿದ್ಯಾರ್ಥಿ ಅದನ್ನು ಭರವಸೆಯಂತೆ ಹಂಚುವಂತಿಲ್ಲ.

ಶೈತ್ಯೀಕರಣದ ತಂತ್ರಜ್ಞಾನಕ್ಕೆ ಬೇಕೆಂದೇ ಕಡಿಮೆ ಸಮಯ ಕೊಡಲಾಯಿತು. ಅಂಡಾಣು ದೇಹದ ಅತಿ ದೊಡ್ಡ ಜೀವಕೋಶಗಳಲ್ಲಿ ಒಂದು, ಅದರಲ್ಲಿ ನೀರಿನ ಪಾಲು ಹೆಚ್ಚು, ನಿಧಾನವಾಗಿ ತಂಪುಮಾಡಿದರೆ ಒಳಗೆ ಮಂಜಿನ ಹರಳುಗಳು ಮೂಡಿ ಅದನ್ನು ಸೀಳುತ್ತವೆ. ಇದೇ ಕಾರಣಕ್ಕೆ, 1953ರಲ್ಲಿಯೇ ಶೈತ್ಯೀಕರಿಸಿದ ವೀರ್ಯದಿಂದ ಗರ್ಭಧಾರಣೆ ಸಾಧ್ಯವಾಗಿದ್ದರೂ, ಶೈತ್ಯೀಕರಿಸಿದ ಅಂಡಾಣುವಿನಿಂದ ಗರ್ಭ ನಿಂತ ಮೊದಲ ವರದಿ ಆಸ್ಟ್ರೇಲಿಯಾದಿಂದ ಬಂದದ್ದು 1986ರಲ್ಲಿ. ಅಂಡಾಣುವಿನ ನೀರನ್ನು ರಕ್ಷಕ ದ್ರಾವಣಗಳಿಂದ ಹೊರತೆಗೆದು ಕ್ಷಣಾರ್ಧದಲ್ಲಿ ಗಾಜಿನ ಸ್ಥಿತಿಗೆ ತರುವ ವಿಟ್ರಿಫಿಕೇಶನ್ ವಿಧಾನ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಸಂತಾನ ವೈದ್ಯಕೀಯ ಸಂಘ ಅಂಡಾಣು ಶೈತ್ಯೀಕರಣಕ್ಕಿದ್ದ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯನ್ನು 2012ರಲ್ಲಿ ಕಿತ್ತುಹಾಕಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅಂಡಾಣುವಿಗೆ ವಯಸ್ಸಾಗುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗೆ ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯದ ಕೆಲಸವನ್ನು ಭ್ರೂಣಶಾಸ್ತ್ರಜ್ಞರು ಮಾಡುತ್ತಾರೆ. ಆದರೆ ಕ್ಯಾಲೆಂಡರ್ ದಾದಿಯ ಕೈಯಲ್ಲಿರುತ್ತದೆ.

ಗೋಡೆಯ ಮೇಲಿನ ಮೂರು ವಾರ

ಎರಡನೆಯ ಪಾಠಕ್ಕೆ ತರಗತಿಯ ಗೋಡೆಗೆ 21 ಮನೆಗಳ ಉದ್ದನೆಯ ಹಾಳೆ ಅಂಟಿಸಲಾಯಿತು. ಕೊನೆಯ ಮನೆಯಲ್ಲಿ ‘ಮೊದಲ ಕಿಮೋ’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ವಿದ್ಯಾರ್ಥಿಗಳಿಗೆ ಕಾರ್ಡ್‌ಗಳನ್ನು ಕೊಟ್ಟು, ಪ್ರತಿಯೊಂದನ್ನೂ ಅದರ ದಿನಕ್ಕೆ ಅಂಟಿಸುವಂತೆ ಹೇಳಲಾಯಿತು: ತಜ್ಞರ ಭೇಟಿ, ಅಂಡಾಶಯದ ಸಂಗ್ರಹವನ್ನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮತ್ತು ಫಾಲಿಕಲ್ ಎಣಿಕೆಯ ಸ್ಕ್ಯಾನ್, ಸಮ್ಮತಿ ಪತ್ರ, ಚುಚ್ಚುಮದ್ದಿನ ಆರಂಭ, ನಡುನಡುವಿನ ಸ್ಕ್ಯಾನ್‌ಗಳು, ಟ್ರಿಗರ್ ಚುಚ್ಚುಮದ್ದು, ಅಂಡಾಣು ಸಂಗ್ರಹ (ಹೊರತೆಗೆಯುವುದು), ವಿಶ್ರಾಂತಿ.

ಮೊದಲ ತಂಡ ಚುಚ್ಚುಮದ್ದಿನ ಕಾರ್ಡನ್ನು ಮುಂದಿನ ಮುಟ್ಟಿನ ಎರಡನೆಯ ದಿನಕ್ಕೆ ಅಂಟಿಸಿತು. ಪಠ್ಯದಲ್ಲಿ ಹಾಗೆಯೇ ಇದೆ. ಆದರೆ ಆ ದಿನ ಬರುವಷ್ಟರಲ್ಲಿ ಹಾಳೆಯ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು, ಅಂಡಾಣು ಸಂಗ್ರಹದ ಕಾರ್ಡ್ ಕೆಂಪು ಮನೆಯನ್ನು ದಾಟಿ ಗೋಡೆಯ ಮೇಲೆ ಬಿತ್ತು. ಮುಟ್ಟಿನ ಯಾವ ದಿನದಲ್ಲಿದ್ದರೂ ಆರಂಭಿಸಬಹುದಾದ ವಿಧಾನವೊಂದಿದೆ, ಫಲಿತಾಂಶದಲ್ಲಿ ಅದು ಹಳೆಯ ಕ್ರಮಕ್ಕೆ ಸರಿಸಮವೆಂದು ಕಂಡುಬಂದಿದೆ, ತುರ್ತಿನ ಸಂದರ್ಭಗಳಲ್ಲಿ ಅದನ್ನೇ ಬಳಸುತ್ತಾರೆ ಎಂದು ಆ ಹಂತದಲ್ಲಿ ವಿವರಿಸಲಾಯಿತು. ಕಾರ್ಡ್ ಹಿಂದಕ್ಕೆ ಸರಿಯಿತು. ಚುಚ್ಚುಮದ್ದಿಗೆ ಸುಮಾರು 10ರಿಂದ 14 ದಿನ. ಎಲ್ಲವೂ ಹಿಡಿಸಿತು, ಆದರೆ ತಜ್ಞರ ಭೇಟಿ ಮೊದಲ ವಾರದೊಳಗೇ ಆದರೆ ಮಾತ್ರ. ಭೇಟಿಯ ಕಾರ್ಡನ್ನು ಒಂದೊಂದೇ ದಿನ ಮುಂದಕ್ಕೆ ಸರಿಸುತ್ತ ಹೋದಾಗ ಎಂಟನೆಯದೋ ಒಂಬತ್ತನೆಯದೋ ದಿನಕ್ಕೆ ಇಡೀ ಸಾಲು ಕೆಂಪು ಮನೆಗೆ ತಾಗತೊಡಗಿದ್ದನ್ನು ಅವರೇ ಕಂಡರು. ಬೇಗ ಕಳುಹಿಸಬೇಕು ಎಂದು ಉಪನ್ಯಾಸದಲ್ಲಿ ಎಷ್ಟು ಸಲ ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಟ್ರಿಗರ್‌ನ ಕಾರ್ಡ್ ಇನ್ನೊಂದು ಪಾಠವಾಯಿತು. ಅಂಡಾಣು ಪಕ್ವವಾಗಲು ಕೊಡುವ ಈ ಕೊನೆಯ ಚುಚ್ಚುಮದ್ದಿಗೂ ಸಂಗ್ರಹಕ್ಕೂ ನಡುವೆ 34ರಿಂದ 36 ಗಂಟೆ ಇರಬೇಕು. ರಾತ್ರಿ 10 ಗಂಟೆಗೆ ಕೊಟ್ಟರೆ ಸಂಗ್ರಹ ಮಾರನೆಯ ದಿನವಲ್ಲ, ಅದರ ಮಾರನೆಯ ದಿನ ಬೆಳಿಗ್ಗೆ 8ರಿಂದ 10ರೊಳಗೆ. ಬೇಗ ತೆಗೆದರೆ ಅಂಡಾಣು ಪಕ್ವವಾಗಿರುವುದಿಲ್ಲ, ತಡಮಾಡಿದರೆ ಫಾಲಿಕಲ್ ಒಡೆದು ಅಂಡಾಣು ಕೈತಪ್ಪುತ್ತದೆ. ಇನ್ನೊಂದು ಸುತ್ತಿಗೆ ಸಮಯವಿಲ್ಲದ ಕ್ಯಾನ್ಸರ್ ರೋಗಿಯ ವಿಷಯದಲ್ಲಿ, ಮನೆಯಲ್ಲಿ ತಾನೇ ಚುಚ್ಚಿಕೊಳ್ಳುವ ರೋಗಿಗೆ ಗಂಟೆಯನ್ನು ಬರೆದುಕೊಟ್ಟು, ಬಾಯಿಬಿಟ್ಟು ಹೇಳಿಸಿ, ಅಂದು ರಾತ್ರಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ದಾದಿಯ ಕೆಲಸವೇ.

ಹಾರ್ಮೋನ್‌ಗೆ ಸ್ಪಂದಿಸುವ ಗೆಡ್ಡೆಯಿರುವಾಗ ಚುಚ್ಚುಮದ್ದು ಅಪಾಯವಲ್ಲವೇ ಎಂಬ ಪ್ರಶ್ನೆ ಇಲ್ಲಿಯೇ ಎದ್ದಿತು, ಏಳಬೇಕಾದದ್ದೇ. ಚುಚ್ಚುಮದ್ದಿನ ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಟ್ಟು ಈಸ್ಟ್ರೊಜೆನ್ ಮಟ್ಟವನ್ನು ತಗ್ಗಿಸಿ ಇಡುತ್ತಾರೆ. ಇದುವರೆಗಿನ ಅಧ್ಯಯನಗಳಲ್ಲಿ ಹೀಗೆ ಮಾಡಿದವರಲ್ಲಿ ರೋಗ ಮರುಕಳಿಸುವಿಕೆ ಹೆಚ್ಚಿದ್ದು ಕಂಡಿಲ್ಲ. ಅಂಡಾಶಯ ಅತಿಯಾಗಿ ಉದ್ದೀಪನಗೊಳ್ಳುವ ತೊಡಕಿನ ಚಿಹ್ನೆಗಳನ್ನು, ಅಂದರೆ ಹೊಟ್ಟೆಯುಬ್ಬರ, ಒಂದೆರಡು ದಿನದಲ್ಲಿ ಏರುವ ತೂಕ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ, ಇವುಗಳನ್ನು ಬಾಯಿಪಾಠವಾಗಿ ಅಲ್ಲದೆ ರೋಗಿಗೆ ಹೇಳುವ ಮಾತಿನ ರೂಪದಲ್ಲಿಯೇ ಕಲಿಸಲಾಯಿತು.

ಪಠ್ಯದಲ್ಲಿ ಬಹುಮಟ್ಟಿಗೆ ಸಿಗದ ಒಂದು ಸಂಗತಿಯನ್ನೂ ಸೇರಿಸಿದೆವು. ಸ್ಕ್ಯಾನ್ ಮತ್ತು ಅಂಡಾಣು ಸಂಗ್ರಹ ಸಾಮಾನ್ಯವಾಗಿ ಯೋನಿಮಾರ್ಗದ ಮೂಲಕ ನಡೆಯುತ್ತವೆ. ಸಂಗ್ರಹವು ಮಂಪರು ಬರುವ ಔಷಧಿ ಕೊಟ್ಟು ಸೂಜಿಯಿಂದ ಮಾಡುವ ಕೆಲಸ, ಹೊಟ್ಟೆ ಕೊಯ್ಯುವುದಿಲ್ಲ. ಆದರೆ ಲೈಂಗಿಕ ಸಂಪರ್ಕದ ಅನುಭವವಿಲ್ಲದ ಯುವತಿ ಇದನ್ನು ಮೊದಲ ಬಾರಿ ಸ್ಕ್ಯಾನ್ ಕೊಠಡಿಯ ಮಂಚದ ಮೇಲೆ ಕೇಳುವಂತಾಗಬಾರದು. ಮುಂಚೆಯೇ, ಒಂಟಿಯಾಗಿ, ಸರಳ ಮಾತಿನಲ್ಲಿ ಹೇಳಿದರೆ, ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡುವಂಥ ಬೇರೆ ದಾರಿಗಳ ಬಗ್ಗೆ ವೈದ್ಯರನ್ನು ಕೇಳಲು ಅವರಿಗೆ ಅವಕಾಶವಿರುತ್ತದೆ.

ಬಾಯಿಂದ ಹೊರಡುವ ಮೊದಲ ವಾಕ್ಯ

ಮೂರನೆಯ ಪಾಠ ಪಾತ್ರಾಭಿನಯದ್ದು. ಒಬ್ಬರು ರೋಗಿ, ಒಬ್ಬರು ತಾಯಿ, ಒಬ್ಬರು ದಾದಿ. ಎರಡು ಪಾಠಗಳಲ್ಲಿ ಲವಲವಿಕೆಯಿಂದ ಉತ್ತರಿಸುತ್ತಿದ್ದವರು ಇಲ್ಲಿ ತಡವರಿಸಿದರು. ಕೆಲವರು ನೇರವಾಗಿ ವಿಟ್ರಿಫಿಕೇಶನ್‌ನಿಂದ ಶುರುಮಾಡಿದರು. ಕೆಲವರು “ನಿಮಗೆ ಮಕ್ಕಳಾಗದೇ ಇರಬಹುದು” ಎಂದು ತೀರ್ಪು ಕೊಟ್ಟು ನಿಲ್ಲಿಸಿದರು. ತಾಯಿಯ ಪಾತ್ರಧಾರಿ “ಅವಳ ಜೀವ ಉಳಿದರೆ ಸಾಕು, ಅದೆಲ್ಲ ಬೇಡ” ಎಂದಾಗ ಹೆಚ್ಚಿನವರು ತಾಯಿಗೇ ಉತ್ತರಿಸಿದರು, ರೋಗಿಯತ್ತ ತಿರುಗಲೇ ಇಲ್ಲ. ಹಲವು ಸುತ್ತುಗಳ ನಂತರ ತಂಡವೇ ಒಪ್ಪಿದ ವಾಕ್ಯ ಹೀಗಿತ್ತು: “ಈ ಚಿಕಿತ್ಸೆಯಿಂದ ಮುಂದೆ ಗರ್ಭ ಧರಿಸುವುದಕ್ಕೆ ತೊಂದರೆಯಾಗುವ ಸಾಧ್ಯತೆ ಇದೆ. ಚಿಕಿತ್ಸೆಗೆ ಮುಂಚೆ ಮಾಡಬಹುದಾದ ಕೆಲವು ಸಂಗತಿಗಳಿವೆ. ಅವುಗಳ ಬಗ್ಗೆ ತಜ್ಞರ ಜೊತೆ ಮಾತಾಡಲು ನಿಮಗೆ ಇಷ್ಟವಿದೆಯೇ?”

ಇದರಲ್ಲಿ ಸಲಹೆಯಿಲ್ಲ, ಭರವಸೆಯೂ ಇಲ್ಲ. ವಿದ್ಯಾರ್ಥಿಯ ಅಧಿಕಾರದ ಗೆರೆಯನ್ನು ಅದು ದಾಟುವುದಿಲ್ಲ, ರೋಗಿಯ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಕೇಳಿದ ಪ್ರಶ್ನೆಯನ್ನು ಮತ್ತು ಕೊಟ್ಟ ಉತ್ತರವನ್ನು ಅಂದೇ ಹಿರಿಯ ದಾದಿಗೆ ತಿಳಿಸಿ, ಕೇಸ್ ಶೀಟ್‌ನಲ್ಲಿ ಬರೆಯುವುದು ಅದರ ಎರಡನೆಯ ಅರ್ಧ. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸಂಘದ ಮಾರ್ಗಸೂಚಿ 2006ರಿಂದಲೂ ಚಿಕಿತ್ಸೆಗೆ ಮುಂಚೆ ಈ ಮಾತುಕತೆ ಆಗಬೇಕೆಂದು ಹೇಳುತ್ತಿದೆ, 2013ರ ಪರಿಷ್ಕರಣೆಯಲ್ಲಿ ದಾದಿಯರೂ ಸೇರಿ ಚಿಕಿತ್ಸಾ ತಂಡದ ಎಲ್ಲರಿಗೂ ಈ ಹೊಣೆಯನ್ನು ವಿಸ್ತರಿಸಿದೆ. ಆದರೆ ಎಲ್ಲರ ಹೊಣೆಯಾದದ್ದು ಯಾರೂ ಮಾಡದ ಕೆಲಸವಾಗುವುದು ವಾರ್ಡ್‌ಗಳಲ್ಲಿ ಹೊಸದಲ್ಲ.

ಇದೇ ಪಾಠದ ನಡುವೆ ಒಬ್ಬಳು ಕೇಳಿದಳು: “ಹಾಗಾದರೆ ನಾವೂ ಈಗಲೇ ಇಡಿಸಿಕೊಳ್ಳುವುದು ಒಳ್ಳೆಯದಾ ಮೇಡಂ?” ತರಗತಿ ನಕ್ಕಿತು, ಆದರೆ ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಇಪ್ಪತ್ತರ ಹರೆಯದ ಈ ವಿದ್ಯಾರ್ಥಿಗಳ ಫೋನ್‌ಗಳಿಗೇ ಅಂಡಾಣು ಶೈತ್ಯೀಕರಣದ ಜಾಹೀರಾತುಗಳು ಬರುತ್ತವೆ. ರೋಗದ ಕಾರಣಕ್ಕೆ ತುರ್ತಾಗಿ ಮಾಡುವುದನ್ನೂ, ತಾಯ್ತನವನ್ನು ಮುಂದೂಡಲು ಆರೋಗ್ಯವಂತರು ಆಯ್ದುಕೊಳ್ಳುವುದನ್ನೂ ಬೇರೆಬೇರೆಯಾಗಿ ನೋಡಬೇಕೆಂದು ವಿವರಿಸಿ, ಲೆಕ್ಕವನ್ನು ಮುಂದಿಡಲಾಯಿತು. 2017ರಲ್ಲಿ ಪ್ರಕಟವಾದ ಒಂದು ಗಣಿತ ಮಾದರಿಯ ಪ್ರಕಾರ, 20 ಪಕ್ವ ಅಂಡಾಣುಗಳನ್ನು ಇಟ್ಟವರಿಗೆ ಕನಿಷ್ಠ ಒಂದು ಮಗುವಾಗುವ ಸಾಧ್ಯತೆ, ಇಡುವಾಗಿನ ವಯಸ್ಸು 34 ಆಗಿದ್ದರೆ ಶೇ 90, 37 ಆಗಿದ್ದರೆ ಶೇ 75, 42 ಆಗಿದ್ದರೆ ಶೇ 37. ಒಂದೇ ಸುತ್ತಿನಲ್ಲಿ 20 ಸಿಗುವುದು ಅಪರೂಪ. ಆರೋಗ್ಯವಂತರು ಇನ್ನೊಂದು ಸುತ್ತು ಮಾಡಿಸಿಕೊಳ್ಳಬಹುದು, ಕ್ಯಾನ್ಸರ್ ರೋಗಿಗೆ ಸಾಮಾನ್ಯವಾಗಿ ಸಿಗುವುದು ಒಂದೇ. ಮುಂದೂಡಲೆಂದು ಇಟ್ಟವರಲ್ಲಿ ಬಹುಪಾಲು ಮಂದಿ ಅವನ್ನು ಬಳಸಲು ಮರಳಿ ಬಂದಿಲ್ಲ ಎಂಬುದೂ ಅಷ್ಟೇ ನಿಜ. ಅಂಡಾಣು ಇಡುವುದನ್ನು ವಿಮೆ ಎಂದು ಕರೆಯುವ ಜಾಹೀರಾತಿನ ಭಾಷೆಯನ್ನು ದಾದಿ ರೋಗಿಯ ಮುಂದೆ ಬಳಸಬಾರದು. ವಿಮೆಯಲ್ಲಿ ನಷ್ಟವಾದಾಗ ಹಣ ಬರುತ್ತದೆ, ಇಲ್ಲಿ ಹಾಗೆ ಬರುವ ಖಾತರಿ ಯಾವುದೂ ಇಲ್ಲ. ಎಎಂಎಚ್ ಪರೀಕ್ಷೆಯ ಬಗ್ಗೆಯೂ ಎಚ್ಚರ ಬೇಕಾಯಿತು. ಚುಚ್ಚುಮದ್ದಿಗೆ ಎಷ್ಟು ಅಂಡಾಣುಗಳು ಸಿಕ್ಕಾವು ಎಂದು ಅದು ಅಂದಾಜಿಸುತ್ತದೆ. ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ.

ರೋಗಿಯ ನಿರ್ಧಾರ

ರೋಗಿ ತಜ್ಞರನ್ನು ಕಂಡರು. ಅಂಡಾಣು ಇಡುವುದು, ಸಂಗಾತಿಯ ಅಥವಾ ದಾನಿಯ ವೀರ್ಯ ಬೇಕಾಗುವ ಭ್ರೂಣ ಶೈತ್ಯೀಕರಣ, ಅಂಡಾಶಯದ ತುಣುಕನ್ನು ತೆಗೆದಿಡುವುದು, ಕಿಮೋ ಅವಧಿಯಲ್ಲಿ ಅಂಡಾಶಯವನ್ನು ತಾತ್ಕಾಲಿಕವಾಗಿ ವಿಶ್ರಾಂತಿಯಲ್ಲಿಡುವ ಗೊಸೆರೆಲಿನ್ ಚುಚ್ಚುಮದ್ದು, ಏನನ್ನೂ ಮಾಡದಿರುವುದು, ಎಲ್ಲವನ್ನೂ ಅವರಿಗೆ ವಿವರಿಸಲಾಯಿತು. ಖರ್ಚು, ವರ್ಷ ವರ್ಷ ಕಟ್ಟಬೇಕಾದ ಸಂಗ್ರಹ ಶುಲ್ಕ, ಎಷ್ಟು ಕಾಲ ಇಡಬಹುದು, ತಾನು ಬದುಕಿರದಿದ್ದರೆ ಅಂಡಾಣುಗಳನ್ನು ಏನು ಮಾಡಬೇಕು ಎಂಬ ಕಷ್ಟದ ಪ್ರಶ್ನೆಗಳೂ ಮಾತಿಗೆ ಬಂದವು. ಎರಡು ದಿನ ಯೋಚಿಸಿ ಅವರು ಅಂಡಾಣು ಇಡಿಸುವುದು ಬೇಡವೆಂದರು. ಗೊಸೆರೆಲಿನ್ ಮಾತ್ರ ತೆಗೆದುಕೊಳ್ಳುತ್ತೇನೆ, ಅದು ಅಂಡಾಣು ಇಡುವುದಕ್ಕೆ ಬದಲಿಯಲ್ಲ ಎಂಬುದು ಅರ್ಥವಾಗಿದೆ ಎಂದು ಬರೆದುಕೊಟ್ಟರು. ಕಾರಣವನ್ನು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ವಿದ್ಯಾರ್ಥಿಗಳಿಗೆ ಇದು ನುಂಗಲಾರದ ತುತ್ತಾಯಿತು. “ಹಾಗಾದರೆ ಇಷ್ಟೆಲ್ಲ ಮಾಡಿದ್ದು ಯಾಕೆ?” ಎಂದು ಒಬ್ಬ ವಿದ್ಯಾರ್ಥಿ ಬಹಿರಂಗವಾಗಿಯೇ ಕೇಳಿದ. ಇನ್ನೊಬ್ಬಳು, ಖರ್ಚಿನ ಮಾತನ್ನು ಕೊನೆಗೆ ಹೇಳಿದ್ದರೆ ಅವರು ಒಪ್ಪುತ್ತಿದ್ದರೇನೋ ಎಂದಳು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಚಿಂತೆಗೀಡುಮಾಡುವಂಥದ್ದು, ಏಕೆಂದರೆ ಒಳ್ಳೆಯ ಉದ್ದೇಶದಿಂದಲೇ ಸಮ್ಮತಿಯನ್ನು ತಿರುಚುವ ದಾರಿ ಅದು. ಆ ದಿನದ ಚರ್ಚೆ ಪೂರ್ತಿ ಇದರ ಮೇಲೆಯೇ ನಡೆಯಿತು. ರಕ್ತ ತೆಗೆಯುವ ಕುರ್ಚಿಯಲ್ಲಿ ಕುಳಿತಿದ್ದ ಮಹಿಳೆಗೆ ಆಯ್ಕೆಯೇ ಇರಲಿಲ್ಲ, ಅವರ ಪರವಾಗಿ ಕಾಲ ನಿರ್ಧರಿಸುತ್ತಿತ್ತು. ಈಗ ಬೇಡವೆಂದಿರುವುದು ಅವರೇ. ಚಿಕಿತ್ಸೆಯ ನಂತರ ಮುಟ್ಟು ನಿಂತರೆ ‘ನನಗೆ ಯಾರೂ ಹೇಳಲೇ ಇಲ್ಲ’ ಎಂಬ ನೋವಾದರೂ ಅದರ ಜೊತೆ ಸೇರುವುದಿಲ್ಲ. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಪ್ರಶ್ನೆ ಕೇಳಿದ ವಿದ್ಯಾರ್ಥಿ ಕೊನೆಗೂ, ಅಂಡಾಣು ಇಡಿಸಬೇಕಿತ್ತು ಎಂಬ ತನ್ನ ಅಭಿಪ್ರಾಯವನ್ನು ಬಿಡಲಿಲ್ಲ. ಅದನ್ನು ರೋಗಿಯ ಮುಂದೆ ಹೇಳುವುದಿಲ್ಲ ಎಂದಷ್ಟೇ ಒಪ್ಪಿದ. ದಾದಿಯಾಗಲು ಅಷ್ಟು ಸಾಕು.

ಮುಂದಿನ ತಂಡಕ್ಕೆ ಆದ ಬದಲಾವಣೆಗಳು

ಕಲಿಕೆಯನ್ನು ಅಳೆಯಲು ಬಹು ಆಯ್ಕೆಯ ಪ್ರಶ್ನೆಪತ್ರಿಕೆಯನ್ನು ಬಿಟ್ಟು, ವಿದ್ಯಾರ್ಥಿಗೆ ಗೊತ್ತಿಲ್ಲದ ರೋಗಿಯ ವಿವರ ಕೊಟ್ಟು ಆರು ನಿಮಿಷದ ಮಾತುಕತೆಯನ್ನು ಗಮನಿಸುವ ಪರೀಕ್ಷೆಯನ್ನು ಅಳವಡಿಸಲಾಯಿತು. ಯಾರ ಕಡೆ ನೋಡಿ ಮಾತಾಡಿದರು, ಕಿಮೋ ದಿನಾಂಕವನ್ನು ಕೇಳಿದರೇ, ತಿಳಿಯದ್ದನ್ನು ತಿಳಿಯದು ಎಂದರೇ, ಬರೆದಿಟ್ಟರೇ ಎಂಬುವಕ್ಕೆ ಅಂಕ. ರೋಗಿಗಳ ವಿವರಗಳಲ್ಲಿ ಬೇಕೆಂದೇ ವೈವಿಧ್ಯ ತರಲಾಯಿತು: ಇನ್ನೂ ಮೈನೆರೆಯದ, ಅಂಡಾಶಯದ ತುಣುಕನ್ನು ತೆಗೆದಿಡುವುದೊಂದೇ ದಾರಿಯಾಗಿರುವ ಬಾಲಕಿ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಕುಸಿದಿರುವುದರಿಂದ ಸೂಜಿ ಚುಚ್ಚುವುದೇ ಅಪಾಯವಾಗಿರುವ, ಎರಡು ದಿನವೂ ಕಾಯಲಾಗದ ರಕ್ತ ಕ್ಯಾನ್ಸರ್ ರೋಗಿ, ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗುವ ಲೂಪಸ್ ಕಾಯಿಲೆಗೆ ಸೈಕ್ಲೊಫಾಸ್ಫಮೈಡ್ ಪಡೆಯಲಿರುವ, ಕ್ಯಾನ್ಸರ್ ವಾರ್ಡ್‌ಗೆ ಎಂದೂ ಬಾರದ ಯುವತಿ, ವೀರ್ಯ ಸಂಗ್ರಹಿಸಿಡಲು ಒಂದೇ ದಿನ ಸಾಕಾಗಿದ್ದರೂ ನಾಚಿಕೆಯಿಂದ ಯಾರೂ ಕೇಳದೆ ಬಿಟ್ಟ ಹದಿನೇಳರ ಹುಡುಗ.

ಈ ಪಾಠಗಳು ಈಗ ಪ್ರಸೂತಿ ವಿಭಾಗದ ಕೊನೆಯಲ್ಲಿಲ್ಲ. ಕ್ಯಾನ್ಸರ್ ವಾರ್ಡ್‌ನ ಪೋಸ್ಟಿಂಗ್‌ಗೆ ಹಿಂದಿನ ವಾರದಲ್ಲಿವೆ. ವಾರ್ಡ್‌ನ ದಾಖಲಾತಿ ನಮೂನೆಯಲ್ಲಿ ಕೊನೆಯ ಮುಟ್ಟಿನ ದಿನಾಂಕದ ಕೆಳಗೆ ಒಂದು ಸಾಲು ಸೇರಿದೆ: ಮುಂದೆ ಮಕ್ಕಳ ಬಗ್ಗೆ ಮಾತಾಡಲಾಗಿದೆಯೇ, ಯಾರು, ಯಾವ ದಿನ. ಪುರುಷ ರೋಗಿಗಳ ನಮೂನೆಗೆ ಆ ಸಾಲನ್ನು ಸೇರಿಸುವ ಮನವಿ ಇನ್ನೂ ಮೇಲಧಿಕಾರಿಗಳ ಮೇಜಿನ ಮೇಲಿದೆ.